ಕೇಶರಬಾಯಿಯ ನಳಕ್ಕೆ ಮೀಟರು

ಬೆಂಗಳೂರಿಗೆ ಹೋಗಿ ಬಂದ ಮೇಲೆ ಗೋರಖನಾಥರಿಗೆ ಬೀದರಿನಲ್ಲಿ ಯಾವುದೂ ಸರಿ ಕಾಣದಾಯಿತು.

ಅವರೇನೂ ಅಲ್ಲಿ ವರ್ಷಗಟ್ಟಲೆ ಇದ್ದು ಬಂದವರಲ್ಲ. ಬೀದರು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ, ಕನ್ನಡದಲ್ಲಿ ದಫ್ತರ ನಡೆಸುವುದನ್ನು ಕಲಿತು ಬಾ ಎಂದು ಕಚೇರಿಯವರು ಕಳಿಸಿದ್ದರು. ತಹಸೀಲಿನಲ್ಲಿ ಕಾರಕೂನರಾಗಿ ಸೇರಿದಂದಿನಿಂದ ಉರ್ದುವಿನಲ್ಲೇ ಬರೆದ ಕೈ ಅದು; ಬಲದಿಂದ ಎಡಕ್ಕೆ ಓಡಿ ಪಳಗಿದ್ದನ್ನು ಎಡದಿಂದ ಬಲಕ್ಕೆ ತಿರುಗಿಸಲು ಒಂದು ಮಳೆಗಾಲ ಪೂರ್ತಿ ಬೇಕಾಯಿತು. ದಸರೆಯ ಹೊತ್ತಿಗೆ ಮರಳಿದಾಗ ಟ್ರಂಕಿನಲ್ಲಿ ಕಾಫಿ ಸೋಸುವ ಹಿತ್ತಾಳೆ ಪಾತ್ರೆ, ಎರಡು ಕಟ್ಟು ಊದುಬತ್ತಿ ಇದ್ದವು. ಬಾಯಲ್ಲಿ 'ದಯವಿಟ್ಟು' ಎಂಬ ಹೊಸ ಶಬ್ದವಿತ್ತು.

"ಕೇಶರ, ದಯವಿಟ್ಟು ಒಂದು ತಂಬಿಗಿ ನೀರು ಕೊಡು," ಎಂದರು, ಬಂದ ದಿನವೇ.

"ದಯಾ ಎಲ್ಲಿ ಇಟ್ಟೀರಿ?" ಹೆಂಡತಿ ಕೇಶರಬಾಯಿ ಅತ್ತಿತ್ತ ನೋಡಿದಳು. "ಮೊದಲ ಅದನ್ನ ಆ ಕಡಿ ಸರಸರಿ. ಆಮ್ಯಾಲ ತಂಬಿಗಿ ಇಡ್ತೇನಿ."

ಆದರೆ ಗೋರಖನಾಥರ ಮನಸ್ಸು ಕದ್ದದ್ದು ಕಾಫಿಯೂ ಅಲ್ಲ, ಊದುಬತ್ತಿಯೂ ಅಲ್ಲ, ನೀರಿನ ಮೀಟರು. ಮಲ್ಲೇಶ್ವರದಲ್ಲಿ ಅವರು ಬಾಡಿಗೆಗಿದ್ದ ಮನೆಯ ಅಂಗಳದಲ್ಲಿ, ನೀರಿನ ಕೊಳವೆಗೆ ಅಂಗೈಯಗಲದ ಒಂದು ಡಬ್ಬಿ ಕೂಡಿಸಿದ್ದರು. ಮೇಲೆ ಗಾಜು, ಒಳಗೆ ಗಡಿಯಾರದಂಥ ಮುಳ್ಳು. ನೀರು ಬಿಟ್ಟರೆ ಮುಳ್ಳು ತಿರುಗುವುದು, ನಿಲ್ಲಿಸಿದರೆ ನಿಲ್ಲುವುದು. ಮನೆಯ ಯಜಮಾನರು ದಿನಾ ಸಂಜೆ ಕನ್ನಡಕ ಏರಿಸಿಕೊಂಡು, ದೇವರ ಮುಂದೆ ಕೂತವರಂತೆ ಅದರ ಮುಂದೆ ಕೂತು ಬಗ್ಗಿ ನೋಡುತ್ತಿದ್ದರು. ಎಷ್ಟು ಬಳಸಿದೆಯೋ ಅಷ್ಟಕ್ಕೆ ಮಾತ್ರ ಹೊಣೆ ಎಂಬ ಆ ಶಿಸ್ತು ಗೋರಖನಾಥರಿಗೆ ಬಹಳ ಹಿಡಿಸಿತು. ನಮ್ಮ ಮಂದಿಗೂ ಇಂಥದೊಂದು ಬೇಕು ಎಂದುಕೊಂಡರು. ನಮ್ಮ ಮಂದಿ ಎಂದುಕೊಂಡಾಗ ಅವರ ಕಣ್ಣ ಮುಂದೆ ಬಂದವಳು ಮುಖ್ಯವಾಗಿ ಕೇಶರಬಾಯಿ.

ಚೌಬಾರಾ ಬುರುಜಿನ ಹಿಂದಿನ ಅವರ ಓಣಿಯಲ್ಲಿ ನಳ ಇದ್ದದ್ದು ಅವರದೊಂದೇ ಮನೆಗೆ. ಗೋರಖನಾಥರ ತಂದೆಯ ಕಾಲದಲ್ಲಿ ಹಾಕಿಸಿದ್ದು. ಓಣಿಯ ತುದಿಯಲ್ಲಿ ಬಾವಿಯೇನೋ ಇತ್ತು, ಆದರೆ ಅದರ ನೀರು ಸವುಳು. ಅದರಲ್ಲಿ ಸಾಬೂನು ನೊರೆ ಬಿಡದು, ತೊಗರಿ ಬೇಳೆ ಬೇಯದು. ಹಾಗಾಗಿ ಬೆಳಿಗ್ಗೆ ನೀರು ಬಿಡುವ ಹೊತ್ತಿಗೆ ಓಣಿಯ ಹೆಂಗಸರೆಲ್ಲ ಕೊಡ ಹಿಡಿದು ಕೇಶರಬಾಯಿಯ ಅಂಗಳದಲ್ಲಿ ಸೇರುತ್ತಿದ್ದರು. ಎಲ್ಲರಿಗಿಂತ ಮೊದಲು ಬರುವವಳು ಪಕ್ಕದ ಮನೆಯ ಅಕ್ತರಬೀ. ಅವಳ ಗಂಡ ಅಬ್ದುಲ ವಾಹೀದ ಬಿದರಿ ಕೆಲಸದ ಉಸ್ತಾದ. ಕರಿ ಹೂಜಿಯ ಮೈಮೇಲೆ ಬೆಳ್ಳಿಯ ಬಳ್ಳಿ ಹಬ್ಬಿಸುವ ಕೈ. ಅವನೂ ಗೋರಖನಾಥರೂ ಒಂದೇ ಉರ್ದು ಸಾಲೆಯಲ್ಲಿ ಒಂದೇ ಬೆತ್ತದ ಏಟು ತಿಂದವರು.

ಕೇಶರಬಾಯಿಯ ತವರು ಔರಾದಿನ ಕಡೆ, ಠಾಣಾ ಕುಶನೂರ. ಹುಡುಗಿಯಾಗಿದ್ದಾಗ ಆಳದ ಬಾವಿಯಿಂದ ಹಗ್ಗ ಎಳೆದು ಎಳೆದು ಅಂಗೈ ಕಾಯಿಗಟ್ಟಿದವಳು. ತಿರುವಿದರೆ ನೀರು ಬರುವ ಮನೆಗೆ ಸೊಸೆಯಾಗಿ ಬಂದ ದಿನ ಅವಳಿಗೆ ಗಂಡನಿಗಿಂತ ನಳವೇ ಹೆಚ್ಚು ಮೆಚ್ಚುಗೆಯಾಗಿತ್ತು ಎಂದು ಓಣಿಯವರು ನಗುತ್ತಿದ್ದರು. ಅವಳು ಅದನ್ನು ಯಾವತ್ತೂ ಅಲ್ಲಗಳೆದವಳಲ್ಲ.

ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಬಲ್ದಿಯಾದವರು, ಅಂದರೆ ಈಗ ಮುನಸಿಪಾಲಿಟಿ ಎನ್ನಬೇಕಾದವರು, ಊರಲ್ಲಿ ಡಂಗುರ ಹೊಡೆಸಿದರು. ಮನೆಯಲ್ಲಿ ನಳ ಇದ್ದವರು ಹಿಂದಿನಂತೆ ನಳಕ್ಕೆ ಇಷ್ಟು ಎಂದು ಪಟ್ಟಿ ಹಣ ಕಟ್ಟಬಹುದು, ಇಲ್ಲವೇ ಮೀಟರು ಕೂಡಿಸಿಕೊಂಡು ಬಳಸಿದಷ್ಟಕ್ಕೆ ಕಟ್ಟಬಹುದು. ಯಾವುದೆಂದು ತಿಂಗಳೊಳಗೆ ತಿಳಿಸಬೇಕು. ಡಂಗುರದವನು ಮೊದಲು ಉರ್ದುವಿನಲ್ಲಿ ಕೂಗಿದ, ಆಮೇಲೆ ಮರಾಠಿಯಲ್ಲಿ ಕೂಗಿದ, ಕೊನೆಗೆ ಏನೋ ನೆನಪಾದವನಂತೆ ಕನ್ನಡದಲ್ಲೂ ಕೂಗಿದ. ಗೋರಖನಾಥರು ಮೂರನ್ನೂ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿ, ಗೆದ್ದವರ ಮುಖ ಮಾಡಿಕೊಂಡು ಒಳಗೆ ಬಂದರು.

"ಕೇಳಿದಿ? ನಮ್ಮ ಊರಿಗೂ ಬಂತು ಮೀಟರ."

"ಬರಲಿ. ನಮ್ಮ ಮನಿಗಿ ಯಾಕ ಬರಬೇಕು?" ಕೇಶರಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಅಳತಿ ಇಲ್ಲದ ಬದುಕು ಒಂದು ಬದುಕಾ? ಬೆಂಗಳೂರಾಗ ಹೋಗಿ ನೋಡು. ನೀರಿಗೂ ಅಳತಿ, ಬೆಳಕಿಗೂ ಅಳತಿ."

"ಮಾತಿಗೂ ಅಳತಿ ಇತ್ತಾ ಅಲ್ಲಿ?"

ಗೋರಖನಾಥರು ಅದನ್ನು ಕೇಳಿಸಿಕೊಳ್ಳದವರಂತೆ ಮುಂದುವರಿದರು. ಮೀಟರು ಎಂದರೆ ನ್ಯಾಯ ಎಂದರು. ಮೀಟರು ಎಂದರೆ ಹೊಸ ರಾಜ್ಯ ಎಂದರು. ಕೇಶರಬಾಯಿ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, ಹಿಟ್ಟಿನ ಕೈಯನ್ನು ಸೊಂಟಕ್ಕಿಟ್ಟು ಕೇಳಿದಳು:

"ಮುಂಜಾನಿ ನಮ್ಮ ಅಂಗಳಕ ನೀರಿನ ಸಂಗಟ ಓಣಿ ಎಲ್ಲಾ ಬರ್ತದ. ಅಕ್ತರಬೀ ಕೊಡ ಇಟ್ಟಾಗ ನಾ ಆಕಿ ಮುಖ ನೋಡ್ಲಾ, ನಿಮ್ಮ ಮುಳ್ಳು ನೋಡ್ಲಾ? ಅದೊಂದು ಹೇಳ್ರಿ."

ಉತ್ತರವಿಲ್ಲ ಎಂಬ ಕಾರಣಕ್ಕೆ ವಿಚಾರ ಬಿಟ್ಟುಕೊಡುವವರಲ್ಲ ಗೋರಖನಾಥರು. ಮೀಟರು ಬಂದರೆ ಹೇಗಿರುತ್ತದೆಂದು ಮೊದಲು ಪರೀಕ್ಷೆ ಮಾಡಿ ನೋಡೋಣ, ಆಮೇಲೆ ತೀರ್ಮಾನ ಎಂದರು. ಮರುದಿನ ಬೆಳಿಗ್ಗೆ ಪಡಸಾಲೆಯ ಕುರ್ಚಿಯನ್ನು ಅಂಗಳಕ್ಕೆ ಒಯ್ದು, ನಳದ ಎದುರಿಗೆ ಹಾಕಿಕೊಂಡು ಕೂತರು. ಕೈಯಲ್ಲಿ ಕಾಫಿ, ಮೂಗಿನ ಮೇಲೆ ಕನ್ನಡಕ.

ಅವರು ಯಾರಿಗೂ ಏನೂ ಅನ್ನಲಿಲ್ಲ. ಸುಮ್ಮನೆ ನೋಡಿದರು, ಅಷ್ಟೆ. ಕೊಡ ತುಂಬುವಾಗ ತುಂಬುವ ಕೊಡವನ್ನು ನೋಡಿದರು, ತುಳುಕಿದಾಗ ತುಳುಕಿದ ನೀರನ್ನು ನೋಡಿದರು. ಯಾವಾಗಲೂ ಗದ್ದಲವಿರುತ್ತಿದ್ದ ಅಂಗಳದಲ್ಲಿ ನೀರಿನ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ಹೆಂಗಸರು ಸೆರಗು ಎಳೆದುಕೊಂಡು ಗೋಡೆ ಕಡೆ ಮುಖ ಮಾಡಿ ನಿಂತರು. ಅಕ್ತರಬೀಯ ಕೊಡ ಕುತ್ತಿಗೆಯ ತನಕ ತುಂಬಿರಲಿಲ್ಲ, "ಸಾಕು, ಸಾಕು," ಎಂದು ಎತ್ತಿಕೊಂಡು ಹೊರಟುಬಿಟ್ಟಳು.

"ನೋಡಿದಿ?" ಗೋರಖನಾಥರು ಹೆಂಡತಿಗೆ ಹೇಳಿದರು. "ಎಷ್ಟು ಬೇಕೋ ಅಷ್ಟೇ ಹಿಡಿದಳು. ಇದಕ್ಕ ಅಂತಾರ ಶಿಸ್ತು."

ಮಾರನೆಯ ದಿನ ಅಂಗಳಕ್ಕೆ ಒಂದು ಕಾಗೆಯೂ ಬರಲಿಲ್ಲ. ಗೋರಖನಾಥರು ಕಾಫಿ ಹಿಡಿದು ಕೂತಿದ್ದರು, ನಳ ತನ್ನಷ್ಟಕ್ಕೆ ಸುರಿಯುತ್ತಿತ್ತು. ಹಂಡೆ ತುಂಬಿತು, ಬಿಂದಿಗೆಗಳು ತುಂಬಿದವು. ಆಗ ಕೇಶರಬಾಯಿ ಒಳಗಿನಿಂದ ಖಾಲಿ ಕೊಡವೊಂದನ್ನು ಸೊಂಟಕ್ಕೇರಿಸಿಕೊಂಡು ಬಂದು, ನಳದ ಪಕ್ಕದಿಂದಲೇ ದಾಟಿ ಬಾಗಿಲ ಕಡೆ ನಡೆದಳು.

"ಎಲ್ಲಿಗಿ ಹೊಂಟಿ?"

"ಬಾವಿಗಿ."

"ಮನ್ಯಾಗ ನಳ ಅದಲ್ಲ!"

"ನಳದಾಗ ನೀರ ಅದ್ರಿ. ಮಾತಿಲ್ಲ." ಹೊರಗೆ ಅಕ್ತರಬೀ ಕಾಯುತ್ತಿದ್ದಳು. ಇಬ್ಬರೂ ಏನೋ ಅಂದುಕೊಂಡು ನಗುತ್ತ ಓಣಿಯಲ್ಲಿ ಇಳಿದು ಹೋದದ್ದು ಗೋರಖನಾಥರಿಗೆ ಕೇಳಿಸಿತು. ಏನೆಂದು ನಕ್ಕರೋ ಕೇಳಿಸಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಅಂದು ಮಧ್ಯಾಹ್ನ ಕಚೇರಿಯಲ್ಲಿ ಡಬ್ಬಿ ಬಿಚ್ಚಿ ರೊಟ್ಟಿಯ ಜೊತೆ ಬೇಳೆ ಬಾಯಿಗಿಟ್ಟರೆ ಹಲ್ಲಿಗೆ ಕಲ್ಲಿನಂತೆ ತಾಗಿತು. ಸಂಜೆ ಮನೆಗೆ ಬಂದು ಕೇಳಿದರು.

"ಬ್ಯಾಳಿ ಬೆಂದೇ ಇಲ್ಲ ಇವತ್ತು."

"ಬಾವಿ ನೀರಾಗ ಹ್ಯಾಂಗ ಬೇಯ್ತದ್ರಿ?"

"ಬಾವಿ ನೀರು ಯಾಕ ಹಾಕಿದಿ? ಹಂಡೆ ತುಂಬಾ ನಳದ ನೀರ ಅದ!"

"ಅದನ್ನ ಉಳಸ್ಲತ್ತೀನಿ," ಎಂದಳು ಕೇಶರಬಾಯಿ, ಸಾಲೆಯ ಹುಡುಗಿ ಪಾಠ ಒಪ್ಪಿಸಿದ ಹಾಗೆ. "ಮೀಟರ ಬಂದ ಮ್ಯಾಲ ರೂಢಿ ಬೇಕಲ್ಲ. ಅಳತಿ ಇಲ್ಲದ ಬದುಕು ಒಂದು ಬದುಕಾ?"

ಗೋರಖನಾಥರು ಹಟಕ್ಕೆ ಬಿದ್ದು ಆ ಬೇಳೆಯನ್ನೇ ರಾತ್ರಿಯೂ ಉಂಡರು. ಮರುದಿನವೂ ಉಂಡರು. ನಳದ ಎದುರು ಕೂರುವುದನ್ನು ಮಾತ್ರ ಬಿಟ್ಟರು. ಯಾರೂ ಬರದ ಮೇಲೆ ನೋಡುವುದಾದರೂ ಏನನ್ನು?

ಬೇಳೆಯನ್ನು ಹೇಗೋ ಜಗಿಯಬಹುದಿತ್ತು. ಜಗಿಯಲಾಗದ್ದು ವಾಹೀದನ ಮರ್ಯಾದೆ. ಪ್ರತಿದಿನ ಕಚೇರಿಯಿಂದ ಬರುವಾಗ ಅವನ ಕಾರಖಾನೆಯ ಕಟ್ಟೆಯ ಮೇಲೆ ಕೂತು ಒಂದು ಕಪ್ ಚಹಾ ಕುಡಿದು ಬರುವುದು ಗೋರಖನಾಥರ ರೂಢಿ. ಈಗ ಅವರು ಕಾಣಿಸಿದೊಡನೆ ವಾಹೀದ ಕೈಯ ಕೆಲಸ ಕೆಳಗಿಟ್ಟು ಎದ್ದು ನಿಂತು, "ಆದಾಬ್, ಕಾರಕೂನ ಸಾಹೇಬ್ರ," ಎನ್ನತೊಡಗಿದ. ಸಾಲೆಯಲ್ಲಿ ಇವರ ಟೋಪಿ ಕಿತ್ತುಕೊಂಡು ಓಡುತ್ತಿದ್ದವನು! ಚಹಾ ತರಿಸಿದ, ಆದರೆ ತಟ್ಟೆಯಲ್ಲಿಟ್ಟು ಕೊಟ್ಟ. ಬೆಂಗಳೂರಿನ ಹವೆ ಹೇಗಿದೆ ಎಂದು ಕೇಳಿದ. ಗೋರಖನಾಥರು ಚಹಾ ಕುಡಿದು ಬೇಗ ಎದ್ದು ಬಂದರು.

ಈ ಹೊತ್ತಿಗೆ ಸರಿಯಾಗಿ ಭಾಲ್ಕಿಯಿಂದ ಅವರ ಅಕ್ಕ ಅಂಜನಾಬಾಯಿ ರೈಲಿನಲ್ಲಿ ಬಂದಿಳಿದಳು. ಚಳಿಗಾಲಕ್ಕೆ ಬೀದರಿನ ಪೇಟೆಯಲ್ಲಿ ಕಂಬಳಿ ಕೊಳ್ಳುವುದು ನೆಪ. ತಮ್ಮನ ಮನೆಯಲ್ಲಿ ಏನು ನಡೆದಿದೆ ಎಂದು ನೋಡುವುದು ಕೆಲಸ. ಅವಳ ಮುಂದೆ ಗೋರಖನಾಥರು ಎಲ್ಲವನ್ನೂ ಹೇಳಿಕೊಂಡರು. ಒಡಹುಟ್ಟಿದವಳು, ತಮ್ಮ ಪರ ನಿಲ್ಲುತ್ತಾಳೆಂಬ ಆಸೆ.

"ಮೀಟರ ಅಂದ್ರ ಏನು ತಿಂತದ ಅದು?" ಎಂದಳು ಅಂಜನಾಬಾಯಿ.

"ತಿನ್ನಂಗಿಲ್ಲ ಅಕ್ಕಾ. ನೀರು ಎಷ್ಟು ಹೋಯ್ತು ಅಂತ ಹೇಳ್ತದ."

"ಹೋದ ಮ್ಯಾಲ ಹೇಳ್ತದಾ, ಮೊದಲ ಹೇಳ್ತದಾ?"

"ಹೋದ ಮ್ಯಾಲ."

"ಹೋದ ಮ್ಯಾಲ ನಾನೂ ಹೇಳ್ತೇನಿ. ಗೋರಖ್ಯಾ, ನಮ್ಮ ಭಾಲ್ಕಿ ಮನ್ಯಾಗ ನಳಾನೇ ಇಲ್ಲ. ನಿನಗ ನಳ ಅದ, ನೀರ ಅದ, ಆದರೂ ಬ್ಯಾಳಿ ಬೆಂದಿಲ್ಲ. ಎಂಥಾ ಶಾಣ್ಯಾ ಇದ್ದೀಯೋ!" ಹೀಗೆಂದು ಅವಳು ತಟ್ಟೆಯನ್ನು ದೂರ ಸರಿಸಿ, ಹೋಗಿ ಹಂಡೆಯ ನೀರಲ್ಲಿ ತಾನೇ ಬೇಳೆ ಇಟ್ಟಳು.

ಅಂದು ಬೇಳೆ ಹೂವಿನಂತೆ ಬೆಂದಿತ್ತು. ಅದನ್ನು ಉಣ್ಣುತ್ತ ಗೋರಖನಾಥರು ಒಳಗೊಳಗೇ ಸೋತರು. ಬೇಡ, ಮೀಟರೂ ಬೇಡ, ಶಿಸ್ತೂ ಬೇಡ. ಇದ್ದ ಹಾಗೆ ಇರಲಿ ಎಂದುಕೊಂಡರು. ಆದರೆ ಅದನ್ನು ಕೇಶರಬಾಯಿಗೆ ಯಾವ ಮುಖದಲ್ಲಿ ಹೇಳುವುದು? ಮುನಸಿಪಾಲಿಟಿಯವರು ಕೇಳಲು ಬಂದಾಗ ಅವರಿಗೇ ಹೇಳಿದರಾಯಿತು, ಇವಳ ಕಿವಿಗೆ ತಾನಾಗಿ ಬಿದ್ದೀತು ಎಂದು ಒಂದು ಉಪಾಯ ಮಾಡಿಕೊಂಡರು.

ಮುನಸಿಪಾಲಿಟಿಯಿಂದ ಬಂದವನು ಶ್ರೀಕಂಠಯ್ಯ ಎಂಬ ಹೊಸ ಓವರ್‌ಸಿಯರು. ನಂಜನಗೂಡಿನ ಕಡೆಯವನು, ಸೇವೆಗೆ ಸೇರಿದ ಮೇಲೆ ಮೊದಲ ಊರೇ ಬೀದರು. ತೊಟ್ಟದ್ದು ಬಿಳಿ ಪ್ಯಾಂಟು, ಓಣಿಯ ಧೂಳಿಗೆ ಮೊಣಕಾಲ ತನಕ ಕೆಂಪಾಗಿತ್ತು. ಅಂದು ರಜೆ. ಗೋರಖನಾಥರು ಅವನನ್ನು ಕರೆದು ಕೂಡಿಸಿ, ಕಾಫಿ ಕೊಟ್ಟು, ತಮ್ಮ ಬೆಂಗಳೂರು ಕನ್ನಡವನ್ನೆಲ್ಲ ಹೊರಗೆ ತೆಗೆದರು. ಹುಡುಗನಿಗೆ ತನ್ನೂರು ಕಂಡಷ್ಟು ಸಂತೋಷವಾಯಿತು.

"ಹಾಗಾದ್ರೆ ತಾವು ಮೀಟರ್ ವಿಚಾರ ಏನು ತೀರ್ಮಾನ ಮಾಡಿದ್ರಿ ಸಾರ್?"

ಗೋರಖನಾಥರು ಗಂಟಲು ಸರಿಪಡಿಸಿಕೊಂಡು ಹೇಳಬೇಕೆನ್ನುವಷ್ಟರಲ್ಲಿ, ಬಾವಿಯಿಂದ ಕೇಶರಬಾಯಿಯೂ ಅಕ್ತರಬೀಯೂ ತಲೆಯ ಮೇಲೊಂದು, ಸೊಂಟದ ಮೇಲೊಂದು ಕೊಡ ಹೊತ್ತು ಒಳಗೆ ಬಂದರು. ಶ್ರೀಕಂಠಯ್ಯ ಎದ್ದು ನಿಂತ. ಅಂಗಳದ ಮೂಲೆಯ ನಳವನ್ನು ನೋಡಿದ, ಹೆಂಗಸರ ಕೊಡಗಳನ್ನು ನೋಡಿದ.

"ಇದೇನಮ್ಮಾ? ಮನೇಲೇ ನಲ್ಲಿ ಇಟ್ಕೊಂಡು ಬಾವಿ ನೀರು ಹೊರ್ತೀರಲ್ಲ!"

ಇಬ್ಬರೂ ಗಕ್ಕನೆ ನಿಂತರು. ಅಕ್ತರಬೀ ಕೇಶರಬಾಯಿಯ ಮುಖ ನೋಡಿದಳು, ಕೇಶರಬಾಯಿ ಅಕ್ತರಬೀಯ ಮುಖ ನೋಡಿದಳು.

"ತೌಬಾ, ತೌಬಾ!" ಎಂದಳು ಅಕ್ತರಬೀ. "ಇವರ ಮನ್ಯಾಗ ನಲ್ಲಿ ಎಲ್ಲಿಂದ ಬರಬೇಕ್ರಿ? ನಮ್ಮ ಮನ್ಯಾಗ ಮಸಾಲಿ ಅರದ್ರೇ ಗೋರಖನಾಥ ಭಾಯಿ ಕಿಟಕಿ ಹಾಕ್ಕೋತಾರ. ಇವರು ನಲ್ಲಿ ಇಟ್ಕೋತಾರ?"

"ಯಾಕೆ ಸುಳ್ಳು ಹೇಳ್ತೀರಮ್ಮಾ?" ಹುಡುಗ ನಿಜಕ್ಕೂ ನೊಂದುಕೊಂಡ. "ನಾನೇ ಕಣ್ಣಾರೆ ನೋಡ್ತಾ ಇದೀನಿ. ಇಡೀ ಬೀದಿಗೆ ಇವರ ಮನೇಲೊಂದೇ ನಲ್ಲಿ ಇರೋದು. ಓಣಿಯವರೆಲ್ಲ ದಿನಾ ಬೆಳಿಗ್ಗೆ ಇಲ್ಲಿಗೇ ಬರ್ತಾರೆ ಅಂತ ನಮ್ಮ ಆಫೀಸಲ್ಲೂ ಹೇಳಿದ್ರು."

ಒಳಗಿನಿಂದ ಅಂಜನಾಬಾಯಿ ಧಾವಿಸಿ ಬಂದಳು. "ಏನಂದಿ ತಮ್ಮಾ? ನಮ್ಮ ಮನಿತನಕ್ಕ ಏನಂದಿ?"

ಗೋರಖನಾಥರಿಗೆ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರಿಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಕುರ್ಚಿಯ ತೋಳಿಗೆ ಒರಗಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಎರಡೂ ಕಡೆಯ ಮಾತು ಬಲ್ಲವರು ಅಲ್ಲಿ ಅವರೊಬ್ಬರೇ. ಅವರು ಮೊದಲು ಹುಡುಗನ ಕಡೆ ತಿರುಗಿ, "ಶ್ರೀಕಂಠಯ್ಯನವರೇ, ನಮ್ಮ ಕಡೆ ನಲ್ಲಿ ಅಂದರೆ ಕುರಿಯ ಕಾಲಿನ ಎಲುಬು. ಒಳಗಿನ ನೆಣ ಹೀರಿ ತಿನ್ನುವಂಥದ್ದು," ಎಂದರು. ಆಮೇಲೆ ಹೆಂಗಸರ ಕಡೆ ತಿರುಗಿ, "ಅವರ ಕಡೆ ನಲ್ಲಿ ಅಂದ್ರ ನಳ ಅವ್ವಾ, ನಳ!" ಎಂದರು.

ಅಕ್ತರಬೀ ಕೊಡ ಕೆಳಗಿಟ್ಟು ಅಲ್ಲೇ ಕುಸಿದು ಕೂತು ನಕ್ಕಳು. ಶ್ರೀಕಂಠಯ್ಯ ಕಿವಿಯ ತನಕ ಕೆಂಪಾದ. "ಅಯ್ಯೋ ಶಿವನೇ! ಬಂದಾಗಿಂದ ಮನೆಮನೆಗೆ ಹೋಗಿ ನಿಮ್ಮನೇಲಿ ನಲ್ಲಿ ಇದೆಯಾ ಅಂತ ಕೇಳಿದೀನಲ್ಲ ಸಾರ್!" ಎಂದ. ಅದಕ್ಕೆ ಮತ್ತೊಮ್ಮೆ ಎಲ್ಲರೂ ನಕ್ಕರು. ಎಷ್ಟೋ ದಿನದ ಮೇಲೆ ಆ ಅಂಗಳದಲ್ಲಿ ಸದ್ದಾಯಿತು, ಗೋಡೆಯಾಚೆ ಯಾರೋ ಇಣುಕಿಯೂ ನೋಡಿದರು.

ನಗು ತಣಿದ ಮೇಲೆ ಹುಡುಗ ಸಂಕೋಚದಿಂದಲೇ ವಿಷಯಕ್ಕೆ ಬಂದ. ಗೋರಖನಾಥರು ಮಾತಿಗೆ ಮಾತು ಈ ಕಡೆಯ ಕನ್ನಡಕ್ಕೆ ತಿರುವಿ ಹೇಳಿದರು. ಪಟ್ಟಿ ಕಟ್ಟುವ ನಳ ಆ ಮನೆಯವರ ಬಳಕೆಗೆ ಮಾತ್ರ. ಹೊರಗಿನವರಿಗೆ ಕೊಡುವ ಹಾಗಿಲ್ಲ. ಇಷ್ಟು ದಿನ ಯಾರೂ ಕೇಳಿರಲಿಲ್ಲ. ಇನ್ನು ಮುಂದೆ ಕೇಳುತ್ತಾರೆ. ಕೊಟ್ಟದ್ದು ಕಂಡರೆ ನಳ ಬಂದ್ ಮಾಡಬೇಕಾಗುತ್ತದೆ.

ಅಕ್ತರಬೀಯ ಮುಖದ ನಗು ಹಾಗೇ ಇಳಿಯಿತು. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು, ಎದ್ದು, ಕೊಡಕ್ಕೆ ಕೈ ಹಾಕಿದಳು.

"ನಿಂದ್ರು ಆಪಾ," ಎಂದಳು ಕೇಶರಬಾಯಿ. ಹುಡುಗನನ್ನು ಕೇಳಿದಳು: "ಮೀಟರ ಇದ್ರ?"

"ಮೀಟರ್ ಇದ್ರೆ ಎಷ್ಟು ಬೇಕಾದ್ರೂ ಹಿಡಿದುಕೊಳ್ಳಿ ಅಮ್ಮಾ. ಯಾರಿಗೆ ಕೊಡ್ತೀರೋ ನಿಮ್ಮಿಷ್ಟ. ನಾವು ಕೇಳಲ್ಲ."

"ಹಂಗಾದ್ರ ಕೂಡಸರಿ ಮೀಟರ."

"ಏ, ತಡಿ, ತಡಿ," ಎಂದರು ಗೋರಖನಾಥರು. "ನಾ ಬ್ಯಾಡ ಅಂತ ಹೇಳ್ಬೇಕಂತ ಮಾಡಿದ್ದೆ."

"ಯಾಕ?"

"ಯಾಕಂದ್ರ... ಓಣಿ ಎಲ್ಲಾ ಹಿಡಿದ್ರ ಮುಳ್ಳು ಹ್ಯಾಂಗ ತಿರುಗಬಹುದು ಅಂತ ವಿಚಾರ ಮಾಡಿದಿ?"

"ತಿರುಗಲಿ. ತಿರುಗೂದಕ್ಕೇ ಕೂಡಸೂದು. ಮೀಟರ ಅಂದ್ರ ನ್ಯಾಯ ಅಂದಿದ್ರಿ. ಹೊಸ ರಾಜ್ಯ ಅಂದಿದ್ರಿ. ಬೆಂಗಳೂರಾಗ ನೀರಿಗೂ ಅಳತಿ, ಬೆಳಕಿಗೂ ಅಳತಿ ಅಂತ ಈ ಕಿವೀಲೇ ಕೇಳೀನಿ."

ಗೋರಖನಾಥರು ಸಹಾಯಕ್ಕಾಗಿ ಅಕ್ಕನನ್ನು ನೋಡಿದರು. ಅಂಜನಾಬಾಯಿ ಸೂರಿನ ಕಡೆ ನೋಡುತ್ತಿದ್ದಳು. ಶ್ರೀಕಂಠಯ್ಯನಿಗೆ ಈ ಮನೆಯಲ್ಲಿ ಮೀಟರು ಬೇಕೆನ್ನುವವರು ಯಾರು, ಬೇಡವೆನ್ನುವವರು ಯಾರು ಎಂಬುದೇ ತಿಳಿಯದೆ, ನಾಳೆ ಬರುತ್ತೇನೆಂದು ಹೇಳಿ ಹೋದ.

ಆದರೆ ತೊಡಕು ಬಂದದ್ದು ಗೋರಖನಾಥರಿಂದಲ್ಲ, ಅಕ್ತರಬೀಯಿಂದ. ಅಂದು ಸಂಜೆ ಅವಳೂ ವಾಹೀದನೂ ಇಬ್ಬರೂ ಬಂದರು. ವಾಹೀದ ಹೊಸ್ತಿಲಲ್ಲೇ ನಿಂತ.

"ನಮ್ಮ ನೀರಿನ ಭಾರ ನೀವು ಹೊರೂದು ಬ್ಯಾಡ," ಎಂದಳು ಅಕ್ತರಬೀ. "ಹಿಂದಿಂದು ಬ್ಯಾರಿ ಇತ್ತು. ಹಿಡಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ಈಗ ಕೊಡ ಕೊಡಕ್ಕೂ ಅಳತಿ. ನಾವೂ ಹಿಸ್ಸಾ ರೊಕ್ಕ ಕೊಡ್ತೀವಿ. ಓಣ್ಯಾಗ ಎಲ್ಲಾರೂ ಕೊಡ್ತೀವಿ ಅಂದಾರ. ಇಲ್ಲಂದ್ರ ಬಾವಿ ಎಲ್ಲಿಗಿ ಹೋಗ್ಯದ?"

"ನನ್ನ ಅಂಗಳದಾಗ ನೀರ ಹಿಡದು ಹಿಸ್ಸಾ ಕೊಡ್ತೀ?" ಕೇಶರಬಾಯಿಯ ದನಿ ಏರಿತು. "ನಾ ಏನು ನೀರಿನ ದುಕಾನ ಇಟ್ಟೀನಿ? ನಿನ್ನ ಹಿಸ್ಸಾ ಒಯ್ದು ಆ ಸವುಳ ಬಾವ್ಯಾಗ ಹಾಕು!"

"ಹಾಕ್ತೇನಿ. ನೀರನೂ ಅಲ್ಲೇ ಸೇದ್ತೇನಿ."

"ಸೇದು."

ಗೋರಖನಾಥರು ಬಾಯಿ ತೆರೆದರು, ಮುಚ್ಚಿದರು. ವಾಹೀದನ ಕಡೆ ನೋಡಿದರೆ ಅವನೂ ಅದನ್ನೇ ಮಾಡುತ್ತಿದ್ದ. ಮದುವೆಯಾದಂದಿನಿಂದ ಈ ಇಬ್ಬರು ಹೆಂಗಸರು ಜಗಳವಾಡಿದ್ದನ್ನು ಅವರಿಬ್ಬರೂ ಕಂಡಿರಲಿಲ್ಲ.

ಆಗ ಅಡಕೆ ಕತ್ತರಿಸುತ್ತಿದ್ದ ಅಂಜನಾಬಾಯಿ ತಲೆ ಎತ್ತದೆ ಹೇಳಿದಳು: "ಕೇಶರಾ, ನಿನಗ ನಳದ ಪಾಟೀಲಕಿ ಬೇಕಾಗ್ಯದ."

"ಏನಂದ್ರಿ ಅಕ್ಕಾ?"

"ಹೌದವ್ವಾ. ನಮ್ಮ ತಮ್ಮ ಕುರ್ಚಿ ಹಾಕ್ಕೊಂಡು ಕೂತಾ, ಎಲ್ಲಾರಿಗೂ ಕಂಡ. ನಿನ್ನ ಕುರ್ಚಿ ಕಾಣಂಗಿಲ್ಲ, ಅಷ್ಟೇ. ಬಾ, ಹಿಡ್ಕೋ, ನಾ ಕೊಡ್ತೇನಿ, ನಾ ಇದ್ದೀನಿ. ಕೊಡೂದು ಛಂದ ಬರ್ತದ ನಿನಗ. ತಗೊಳ್ಳೂದು ಬರಂಗಿಲ್ಲ."

ಕೇಶರಬಾಯಿಗೆ ಗಂಡನ ಮಾತಿಗೆ ತಕ್ಷಣ ಸಿಗುತ್ತಿದ್ದ ಉತ್ತರಗಳು ಅವರ ಅಕ್ಕನ ಮುಂದೆ ಎಲ್ಲಿಗೋ ಹೋಗಿದ್ದವು. ಕಣ್ಣು ತುಂಬಿ ಬಂದದ್ದನ್ನು ಮುಚ್ಚಲು ಅವಳು ದೀಪದ ಕುಡಿ ಸರಿ ಮಾಡಿದಳು, ಸರಿಯಾಗಿದ್ದ ಕುಡಿಯನ್ನೇ. ಗೋರಖನಾಥರಿಗೆ ಹೆಂಡತಿಯ ಮೇಲೆ ಎಂದೂ ಇಲ್ಲದ ಮರುಕವೂ ಪ್ರೀತಿಯೂ ಒಟ್ಟಿಗೆ ಉಕ್ಕಿದವು. ಇಷ್ಟು ದಿನ ತಾನೊಬ್ಬನೇ ಮೂರ್ಖನೆಂದು ತಿಳಿದಿದ್ದವರಿಗೆ ಜೊತೆ ಸಿಕ್ಕಂತಾಯಿತು.

"ವಾಹೀದ," ಎಂದರು, "ಹೊಸ್ತಿಲ ಮ್ಯಾಲ ಯಾಕ ನಿಂತೀದಿ? ಒಳಗ ಬಾ. ಹಿಸ್ಸಾ ಕೊಡ್ತೀ ಅಂದ್ರ ಕೊಡು, ತಗೋತೀವಿ. ಆದರ ಇನ್ನೊಮ್ಮೆ ನನಗ ಕಾರಕೂನ ಸಾಹೇಬ್ರ ಅಂದ್ರ ಮುಳ್ಳು ನಿನ್ನ ಕೊಡಕ್ಕ ಎರಡು ಸುತ್ತ ತಿರುಗೋ ಹಂಗ ಮಾಡ್ತೇನಿ."

"ಅದು ನಿನ್ನ ಕೈಲಿಂದ ಆಗಂಗಿಲ್ಲೋ ಗೋರಖ್ಯಾ," ಎನ್ನುತ್ತ ವಾಹೀದ ಒಳಗೆ ಬಂದು ಚಾಪೆಯ ಮೇಲೆ ಕಾಲು ಚಾಚಿ ಕೂತ. "ಸಾಲ್ಯಾಗ ಮಗ್ಗಿನೇ ಬರ್ತಿದ್ದಿಲ್ಲ ನಿನಗ."

ಕೇಶರಬಾಯಿ ದೀಪ ಬಿಟ್ಟು ಒಳಗೆ ಹೋದಳು. ಹೋಗುವಾಗ ಅಕ್ತರಬೀಯ ಸೆರಗು ಹಿಡಿದು ಎಳೆದುಕೊಂಡೇ ಹೋದಳು. ಆಮೇಲೆ ಅಡುಗೆಮನೆಯಿಂದ, "ಸಕ್ಕರಿ ಅಷ್ಟು ಹಾಕಬ್ಯಾಡ, ನಕ್ಕೋ ಬಾಯಿ, ನಮ್ಮವರಿಗಿ ಆಗಿ ಬರಂಗಿಲ್ಲ," ಎಂಬ ಅಕ್ತರಬೀಯ ದನಿ ಕೇಳಿತು. ಚಹಾ ಬಂತು, ತಟ್ಟೆ ಇಲ್ಲದೆ.

ಮೀಟರು ಕೂಡಿಸಿದ ಮರುದಿನ ಬೆಳಿಗ್ಗೆ ಅಂಗಳ ಜಾತ್ರೆಯಾಗಿತ್ತು. ಕೊಡ ತಂದವರು ಕೆಲವರು, ಬರೀ ನೋಡಲು ಬಂದವರು ಹಲವರು. ಎಲ್ಲ ಸರಿಯಾಗಿದೆಯೇ ಎಂದು ನೋಡಲು ಶ್ರೀಕಂಠಯ್ಯನೂ ಬಂದು ನಿಂತಿದ್ದ. ಭಾಲ್ಕಿಯ ರೈಲಿಗೆ ಹೊರಟಿದ್ದ ಅಂಜನಾಬಾಯಿ ಹೊಸ ಕಂಬಳಿ ಮಡಿಲಲ್ಲಿಟ್ಟುಕೊಂಡು, ಇದೊಂದು ನೋಡಿಯೇ ಹೋಗುತ್ತೇನೆಂದು ಕಟ್ಟೆಯ ಮೇಲೆ ಕೂತಿದ್ದಳು. ಗೋರಖನಾಥರು ಮಡಿಕೆ ಮುರಿಯದ ಧೋತರ ಉಟ್ಟು, ಮೀಟರಿನ ಮುಂದೆ ಬಗ್ಗಿ, ಕನ್ನಡಕ ಏರಿಸಿದರು.

ನಳ ತಿರುವಿದರು. ನೀರು ಬರಲಿಲ್ಲ. ಕೊಳವೆಯೊಳಗೆ ಬುಸ್ ಎಂದು ಗಾಳಿ ನುಗ್ಗಿತು. ಅದರೊಂದಿಗೆ ಮೀಟರಿನ ಮುಳ್ಳು ಗಿರಗಿರನೆ ತಿರುಗತೊಡಗಿತು.

"ಅರೆ! ನಿಂದ್ರಸರಿ, ನಿಂದ್ರಸರಿ!" ಗೋರಖನಾಥರು ಹೌಹಾರಿದರು. "ಒಂದು ಹನಿ ಬಂದಿಲ್ಲ, ಲೆಕ್ಕ ಓಡ್ಲತ್ತದ! ಇದು ಗಾಳಿ! ಗಾಳಿಗೂ ಲೆಕ್ಕ ಏನ್ರಿ ಶ್ರೀಕಂಠಯ್ಯ?" ಗಾಬರಿಯಲ್ಲಿ ಬೆಂಗಳೂರು ಕನ್ನಡ ಪೂರ್ತಿ ಮರೆತುಹೋಗಿತ್ತು.

"ಮೊದಮೊದಲು ಸ್ವಲ್ಪ ಹಾಗೆ ಆಗತ್ತೆ ಸಾರ್. ಕೊಳಾಯೀಲಿ ಗಾಳಿ ಇರತ್ತಲ್ಲ..."

"ಚಿಂತಿ ಮಾಡಬ್ಯಾಡ್ರಿ ಭಾಯಿ," ಸಾಲಿನಲ್ಲಿ ನಿಂತ ಅಕ್ತರಬೀ ಕೂಗಿ ಹೇಳಿದಳು. "ಹಿಸ್ಸಾ ಮಾಡೇ ಬಿಡಮು. ಗಾಳಿ ನಿಮ್ಮ ಪಾಲಿಗಿ, ನೀರ ನಮ್ಮ ಪಾಲಿಗಿ."

ಅಂಗಳವೆಲ್ಲ ನಕ್ಕಿತು. ಅಷ್ಟರಲ್ಲಿ ಕೊಳವೆ ಒಮ್ಮೆ ಕೆಮ್ಮಿ, ಕೆಂಪು ನೀರು ಉಗುಳಿ, ಆಮೇಲೆ ತಿಳಿಯಾಗಿ ಹರಿಯತೊಡಗಿತು. ಮುಳ್ಳು ಸಾವಧಾನವಾಗಿ ತಿರುಗಿತು. ಅದನ್ನು ನೋಡಬೇಕೆಂದು ಎಲ್ಲರೂ ಒಮ್ಮೆಲೇ ಮುಂದೆ ಬಂದರು. ಅಂಜನಾಬಾಯಿ ಕಂಬಳಿ ಬಿಟ್ಟು ಎದ್ದು ಬಂದಳು.

"ಎಲ್ಲಿ ಅದ? ಎಲ್ಲಿ ತಿರುಗ್ಲತ್ತದ?"

"ಅಗೋ ನೋಡ್ರಿ, ಗಾಜಿನ ಒಳಗ. ಇರುವಿ ನಡದಂಗ ನಡೀಲತ್ತದ."

"ರೀ, ಜರಾ ಆ ಕಡಿ ಸರೀರಿ," ಎಂದು ಕೇಶರಬಾಯಿ ಗಂಡನ ಹೆಗಲು ಹಿಡಿದು ಪಕ್ಕಕ್ಕೆ ನೂಕಿದಳು. "ನಿಮ್ಮ ನೆರಳು ಬಿದ್ದು ಮುಳ್ಳು ಕಾಣವಲ್ದು."

ಗೋರಖನಾಥರು ಸರಿದರು. ಇನ್ನೊಬ್ಬಳು ಬಂದಳು, ಮತ್ತೆ ಸರಿದರು. ಸರಿಯುತ್ತ ಸರಿಯುತ್ತ ಗುಂಪಿನ ಹಿಂದೆ ಗೋಡೆಗೆ ಬಂದು ನಿಂತು, ಕನ್ನಡಕ ಎತ್ತಿ ಹಿಡಿದು, ತುದಿಗಾಲಲ್ಲಿ ಇಣುಕಿದರು. ಎದುರಿಗೆ ಬರೀ ತಲೆಗಳು ಕಂಡವು. ಪಕ್ಕದಲ್ಲಿ ಶ್ರೀಕಂಠಯ್ಯನೂ ಗೋಡೆಗೊತ್ತಿಕೊಂಡು ನಿಂತಿದ್ದ.

"ದಯವಿಟ್ಟು ಸ್ವಲ್ಪ..." ಎಂದು ಗೋರಖನಾಥರು ಒಮ್ಮೆ ಕೂಗಿ ನೋಡಿದರು. ಯಾರೂ ತಿರುಗಿ ಸಹ ನೋಡಲಿಲ್ಲ.